ಚಳಿನಾಡಿನ ಕೊಕ್ಕೊ ತೋಟ

ಇಂಗ್ಲೆಂಡಿನ ಬಯಲಿನಲ್ಲಿ ಕೊಕ್ಕೊ ಸಸಿ ನೆಟ್ಟರೆ ಮೊದಲ ಚಳಿಗಾಲಕ್ಕೇ ಕರಟಿಹೋಗುತ್ತದೆ. ಆದರೂ ದೇಶದಿಂದ ದೇಶಕ್ಕೆ ಹೋಗಬೇಕಾದ ಕೊಕ್ಕೊ ತಳಿಗಳು ಹೆಚ್ಚಾಗಿ ಅಲ್ಲಿಯೇ ಇಳಿದು, ರೋಗವಿಲ್ಲವೆಂದು ಖಚಿತವಾದ ಮೇಲೆ ಮುಂದಿನ ಊರಿಗೆ ಹೊರಡುತ್ತವೆ. ನಮ್ಮ ಪುತ್ತೂರು, ಸುಳ್ಯದ ಅಡಿಕೆ ತೋಟದವರಿಗೆ ಹೇಳಿದರೆ ನಕ್ಕಾರು. ಲಂಡನ್ನಿನಿಂದ ಪಶ್ಚಿಮಕ್ಕೆ ರೈಲು ಹತ್ತಿದರೆ ಅರ್ಧ ತಾಸಿಗೆ ರೆಡಿಂಗ್ ಸಿಗುತ್ತದೆ. ಅಲ್ಲಿನ ವಿಶ್ವವಿದ್ಯಾಲಯ 1985ರಿಂದ ಅಂತಾರಾಷ್ಟ್ರೀಯ ಕೊಕ್ಕೊ ಕ್ವಾರಂಟೈನ್ ಕೇಂದ್ರವನ್ನು ನಡೆಸುತ್ತಿದೆ. ಸುತ್ತ ಎಲ್ಲೂ ಕೊಕ್ಕೊ ಇಲ್ಲ ಎಂಬುದೇ ಆ ಜಾಗದ ಹೆಚ್ಚುಗಾರಿಕೆ. ಒಂದು ಕೀಟ ತಪ್ಪಿಸಿಕೊಂಡು ಹೊರಗೆ ಹೋದರೂ ಅದಕ್ಕೆ ತಿನ್ನಲು ತೋಟವಿಲ್ಲ, ಚಳಿಯಲ್ಲಿ ಅದು ಬದುಕುವುದೂ ಇಲ್ಲ.

ಆ ಕೇಂದ್ರ ನೋಡಲು ಹೋದಾಗ ಹಸಿರುಮನೆಯ ಬಾಗಿಲು ದಾಟುತ್ತಲೇ ನನ್ನ ಕನ್ನಡಕ ಮಬ್ಬಾಯಿತು. ಹೊರಗೆ ಕೊರೆಯುವ ಗಾಳಿ, ಒಳಗೆ ವಿಟ್ಲದ ಸೆಕೆ! ಕೋಟು ಕಳಚಿ ಕೈಯಲ್ಲಿ ಹಿಡಿದು ನೋಡಿದರೆ, ಕುಂಡಗಳ ಸಾಲಿನಲ್ಲಿ ಜೋತುಬಿದ್ದ ಕೆಂಪು ಚಿಗುರೆಲೆ, ಕಾಂಡಕ್ಕೇ ಅಂಟಿಕೊಂಡು ಅರಳಿದ ಪುಟಾಣಿ ಹೂ. ಸುಮಾರು ನಾನೂರು ತಳಿಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಚೀಟಿಗಳನ್ನು ಓದುತ್ತಾ ಹೋದರೆ ಅಮೆಜಾನಿನ ಭೂಪಟವೇ ಬಿಚ್ಚಿಕೊಳ್ಳುತ್ತದೆ. ನಾನೈ, ಪರಿನಾರಿ, ಇಕ್ವಿಟೊಸ್, ಸ್ಕಾವಿನಾ.

ಸ್ಕಾವಿನಾ 6ರ ಹೆಸರು ನನಗೆ ಗೊತ್ತಿತ್ತು. 1928ರಲ್ಲಿ ಟ್ರಿನಿಡಾಡಿನ ತೋಟಗಳಿಗೆ 'ಮಾಟಗಾತಿಯ ಪೊರಕೆ' ಎಂಬ ಶಿಲೀಂಧ್ರ ರೋಗ ಕಾಲಿಟ್ಟಿತು. ಅದನ್ನು ತಡೆದುಕೊಳ್ಳುವ ಮರ ಹುಡುಕಿಕೊಂಡು ಎಫ್. ಜೆ. ಪೌಂಡ್ ಎಂಬ ವಿಜ್ಞಾನಿ 1937–38ರಲ್ಲಿ ಮೇಲಣ ಅಮೆಜಾನಿನ ನದಿಗಳಗುಂಟ ಅಲೆದು ತಂದವುಗಳಲ್ಲಿ ಇದೂ ಒಂದು. ವಿಟ್ಲದ ಸಂಶೋಧನಾ ಕೇಂದ್ರದ ಒಂದು ಸಂಕರ ತಳಿಗೆ ಇದೇ ತಂದೆ. ಪೆರುವಿನ ಕಾಡು, ಟ್ರಿನಿಡಾಡಿನ ತೋಟ, ದಕ್ಷಿಣ ಕನ್ನಡದ ಅಡಿಕೆ ನೆರಳು ಇವೆಲ್ಲಕ್ಕೂ ನಂಟು ಕಟ್ಟಿದ ಗಿಡ ನನ್ನೆದುರು ಕುಂಡದಲ್ಲಿ ತಣ್ಣಗೆ ನಿಂತಿತ್ತು.

ಇಷ್ಟು ಖರ್ಚು ಮಾಡಿ ಗಿಡವನ್ನೇ ಏಕೆ ಸಾಕಬೇಕು? ಭತ್ತದಂತೆ ಬೀಜ ಒಣಗಿಸಿ ಇಡಬಾರದೆ? ಆಗದು. ಒಣಗಿದರೆ ಕೊಕ್ಕೊ ಬೀಜ ಸಾಯುತ್ತದೆ, ಶೀತದಲ್ಲಿಟ್ಟರೂ ಸಾಯುತ್ತದೆ. ಆದ್ದರಿಂದ ಟ್ರಿನಿಡಾಡ್, ಕೋಸ್ಟರಿಕಾಗಳ ದೊಡ್ಡ ತಳಿ ಸಂಗ್ರಹಗಳೂ ಬಯಲಲ್ಲಿ ಬೆಳೆದ ಮರಗಳೇ. ಮಳೆ, ಗಾಳಿ, ರೋಗ ಎಲ್ಲವನ್ನೂ ಅವು ಎದುರಿಸಬೇಕು.

ರೋಗವೆಂದರೆ ಎಂಥದ್ದು ಎಂದು ಘಾನಾದವರನ್ನು ಕೇಳಬೇಕು. ಕಾಂಡ ಊದಿಸಿ, ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುವ ಊತರೋಗದ ವೈರಸ್ ಅಲ್ಲಿ 1936ರಲ್ಲಿ ಕಂಡಿತು. ಹರಡುವುದು ಹಿಟ್ಟು ತಿಗಣೆ. ಔಷಧಿಯಿಲ್ಲ, ಕಡಿಯುವುದೊಂದೇ ದಾರಿ. ಹಾಗೆ ಕಡಿದ ಮರಗಳ ಲೆಕ್ಕ 20 ಕೋಟಿ ದಾಟಿದೆ. ಸೋಂಕು ತಗಲಿದ ಮರ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣಬಹುದು. ಅದರಿಂದ ಕೊಯ್ದ ಒಂದು ಕಸಿಕಡ್ಡಿ ಸಾಕು, ಮತ್ತೊಂದು ದೇಶದ ತೋಟ ಕೆಡಿಸಲು.

ರೆಡಿಂಗಿನವರ ಉಪಾಯ ನನಗೆ ಬಹಳ ಹಿಡಿಸಿತು. ಹೊಸದಾಗಿ ಬಂದ ಕಡ್ಡಿಯನ್ನು ಕೀಟ ನುಗ್ಗದ ಕೋಣೆಯಲ್ಲಿ ಸಸಿಗೆ ಕಸಿ ಕಟ್ಟಿ ಬೆಳೆಸುತ್ತಾರೆ. ಅದರ ಕಣ್ಣು ತೆಗೆದು 'ಅಮೆಲೊನಾಡೊ' ಎಂಬ ತಳಿಯ ಸಸಿಗೆ ಕೂಡಿಸುತ್ತಾರೆ. ಅಮೆಲೊನಾಡೊಗೆ ರೋಗ ಮುಚ್ಚಿಡಲು ಬಾರದು. ವೈರಸ್ ತಾಗಿದರೆ ಎಳೆ ಎಲೆಯ ನರಗಳು ಕೆಂಪಾಗುತ್ತವೆ, ಕಾಂಡ ಊದುತ್ತದೆ. ಚಿಗುರೊಡೆದಾಗಲೆಲ್ಲ ಎಲೆ ತಿರುಗಿಸಿ ನೋಡುವುದು, ಹೀಗೇ ಎರಡು ವರ್ಷದಷ್ಟು ಕಾಲ. ಲಕ್ಷಣ ತೋರಿಸದ ವೈರಸ್ಸುಗಳೂ ಇರುವುದರಿಂದ ಈಗ ಡಿಎನ್ಎ ಪರೀಕ್ಷೆಯೂ ಸೇರಿದೆ. ನಮ್ಮ ಕಾಲದ ಅವಸರಕ್ಕೆ ಈ ತಾಳ್ಮೆ ವಿಚಿತ್ರವೆನಿಸಬಹುದು. ನನಗಂತೂ ಗೌರವ ಮೂಡಿತು.

ಇನ್ನೂ ಬೆರಗಿನ ಸಂಗತಿ ಹೂವಿನದು. ಕೊಕ್ಕೊ ಹೂವಿನ ನಡುವೆ ಪರಾಗ ಕೊಡದ ಬಂಜೆ ಕೇಸರಗಳಿವೆ. ಅವುಗಳ ತುಣುಕನ್ನು ಗಾಜಿನ ಬಟ್ಟಲಿನಲ್ಲಿ ಪೋಷಿಸಿದರೆ ಬೀಜವಿಲ್ಲದೆಯೇ ಭ್ರೂಣ ಮೂಡಿ, ಸಸಿಯಾಗುತ್ತದೆ. ರೋಗ ಹಿಡಿದ ಮರದ ಹೂವಿನಿಂದ ಹೀಗೆ ಊತರೋಗದ ವೈರಸ್ಸಿಲ್ಲದ ಸಸಿ ಪಡೆಯಬಹುದೆಂದು ರೆಡಿಂಗಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಬೀಜ ಉಳಿಯದ ಶೀತದಲ್ಲಿ ಈ ಭ್ರೂಣಗಳು ಉಳಿಯಬಲ್ಲವು. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ!

ರೆಡಿಂಗಿನಲ್ಲಿ ಪಾಸಾದ ಕಡ್ಡಿಗಳು ವಿಟ್ಲಕ್ಕೂ ಬಂದಿವೆ, ಅಲ್ಲಿ ಕಸಿಯಾಗಿ ಬೆಳೆದಿವೆ. ಮಳೆಗಾಲದ ಕಾಯಿಕೊಳೆಯೊಂದೇ ನಮ್ಮ ರೈತರಿಗೆ ಸಾಕುಸಾಕಾಗಿದೆ, ಅದರ ಮೇಲೆ ಆಫ್ರಿಕದ ಊತರೋಗ ಬೇಡ. ವಿದೇಶದ ತೋಟ ನೋಡಲು ಹೋಗುವವರು ಆಸೆಪಟ್ಟು ಒಂದು ಕಡ್ಡಿ, ನಾಲ್ಕು ಹಸಿ ಬೀಜ ಚೀಲದಲ್ಲಿ ಅಡಗಿಸಿ ತರಬೇಡಿ. ಒಳ್ಳೆಯ ಗಿಡ ಬೇಕಿದ್ದರೆ ವಿಟ್ಲಕ್ಕೆ ಹೋಗಿ ಕೇಳಿ.