ಕೊನೆಯ ಬೆಂಚಿನ ಮೌನ

ಜೂನ್ ತಿಂಗಳು ಬಂತೆಂದರೆ ನಮ್ಮ ಜಾಲಹಳ್ಳಿಯ ಎಷ್ಟೋ ಮನೆಗಳಲ್ಲಿ ಸಂಭ್ರಮ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಕಾಲೇಜಿನ ಮೆಟ್ಟಿಲೇರುತ್ತಾರೆ. ಆದರೆ ವಿಜ್ಞಾನವನ್ನು ಆರಿಸಿಕೊಂಡ ಕೆಲವರು ಎರಡೇ ತಿಂಗಳಲ್ಲಿ "ಕೆಮಿಸ್ಟ್ರಿ ನನ್ನ ತಲೆಗೆ ಹತ್ತುವುದಿಲ್ಲ" ಎಂದು ಹಿಂದಿರುಗುತ್ತಾರೆ. ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ನಾನು ಹಾಗೆ ಹೊರಟವರನ್ನು ಬಹುಕಾಲ ತಡೆಯಲಿಲ್ಲ. ಅವರಿಗೆ ಶಕ್ತಿ ಸಾಲದೆಂದೇ ಭಾವಿಸಿದ್ದೆ.

ಕನ್ನಡ ಮಾಧ್ಯಮದಿಂದ ಬಂದ ಒಬ್ಬ ಹುಡುಗಿ ಪ್ರಥಮ ಪಿ.ಯು.ಸಿ.ಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಹಲಗೆಯ ತುಂಬ ಬರೆದು "ಅರ್ಥವಾಯಿತೇ?" ಎಂದರೆ ಇಡೀ ತರಗತಿ "ಎಸ್ ಸರ್" ಎನ್ನುತ್ತಿತ್ತು. ಅವಳ ತುಟಿಗಳೂ ಅಲುಗುತ್ತಿದ್ದವು. ಆಗಸ್ಟ್‌ನಲ್ಲಿ ಕಲಾ ವಿಭಾಗಕ್ಕೆ ಹೋಗಲು ಅರ್ಜಿ ತಂದಳು. ಕಲಾ ವಿಭಾಗ ಕೀಳೆಂದಲ್ಲ. ಆದರೆ ಅವಳು ಬಿ.ಎಸ್ಸಿ. ನರ್ಸಿಂಗ್ ಓದುವ ಆಸೆಯಿಂದ ಬಂದವಳು. ಸಹಿ ಹಾಕಿದ ಮೇಲೆ ಕೇಳಿದೆ: "ಏನು ಕಷ್ಟವಾಯಿತಮ್ಮಾ?"

"ಸರ್, ಮೊದಲ ವಾರ ಮೋಲ್ ಅಂದರೆ ಏನೆಂದು ತಿಳಿಯಲಿಲ್ಲ. ಕೇಳಲು ನಾಚಿಕೆಯಾಯಿತು. ಆಮೇಲೆ ಬಂದದ್ದೆಲ್ಲ ಅದರ ಮೇಲೆಯೇ ನಿಂತಿತ್ತು."

ಡಜನ್ ಎಂದರೆ ಹನ್ನೆರಡು ಎನ್ನುವಂತೆ ಮೋಲ್ ಕೂಡ ಒಂದು ಎಣಿಕೆಯ ಹೆಸರು. 6ರ ಮುಂದೆ 23 ಸೊನ್ನೆಗಳನ್ನಿಟ್ಟರೆ ಸುಮಾರು ಅಷ್ಟು. 18 ಗ್ರಾಂ ನೀರಿನಲ್ಲಿ ಅಷ್ಟು ಅಣುಗಳಿವೆ. ಇಷ್ಟನ್ನು ಅವಳ ಬಾಯಿಂದಲೇ ಹೇಳಿಸಲು ನನಗೆ ಐದು ನಿಮಿಷ ಸಾಕಾಗಿತ್ತು. ಆ ಐದು ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ಮರುವರ್ಷ ಹೊಸ ತರಗತಿಗೆ ಒಂದು ಪ್ರಶ್ನೆಯೊಡನೆ ಹೋದೆ: "ಒಂದು ಪ್ಲೇಟಿಗೆ ಎರಡು ಇಡ್ಲಿ, ಒಂದು ವಡೆ. ಹತ್ತು ಇಡ್ಲಿ, ನಾಲ್ಕು ವಡೆ ಇದ್ದರೆ ಎಷ್ಟು ಪ್ಲೇಟ್?" ಮೊದಲು ಮೌನವಾಗಿ ಬರೆಯಿರಿ, ಬಳಿಕ ಪಕ್ಕದವರೊಡನೆ ಕನ್ನಡದಲ್ಲೇ ಚರ್ಚಿಸಿರಿ ಎಂದೆ. ನಾಲ್ಕು ಪ್ಲೇಟ್, ಎರಡು ಇಡ್ಲಿ ಉಳಿಯುತ್ತದೆ ಎಂದರು. ಆಗ ಹಲಗೆಯ ಮೇಲೆ ಬರೆದೆ: ಎರಡು ಹೈಡ್ರೋಜನ್ ಅಣುಗಳಿಗೆ ಒಂದು ಆಕ್ಸಿಜನ್ ಅಣು ಸೇರಿದರೆ ನೀರಿನ ಎರಡು ಅಣುಗಳು. ಹತ್ತು ಹೈಡ್ರೋಜನ್, ನಾಲ್ಕು ಆಕ್ಸಿಜನ್ ಇದ್ದರೆ? ಕೊನೆಯ ಬೆಂಚಿನಿಂದಲೇ ಉತ್ತರ ಬಂತು: "ಎಂಟು ನೀರು ಸರ್, ಎರಡು ಹೈಡ್ರೋಜನ್ ಉಳಿಯುತ್ತೆ!"

ಗದ್ದಲವಾಯಿತು, ಪಾಠಗಳು ತಡವಾದವು. ಆ ವರ್ಷವೂ ಕೆಲವರು ಬಿಟ್ಟುಹೋದರು. ಆದರೆ ಯಾರು ಎಲ್ಲಿ ಎಡವಿದ್ದಾರೆಂಬುದು ಅರ್ಜಿ ಬರುವ ಮುನ್ನವೇ ನನಗೆ ಕಾಣುತ್ತಿತ್ತು.

ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಉಪನ್ಯಾಸವಿದ್ದ ತರಗತಿಗಳಲ್ಲಿ ಸರಾಸರಿ ಶೇಕಡಾ 33.8 ಮಂದಿ ಅನುತ್ತೀರ್ಣರಾಗಿದ್ದರು. ವಿದ್ಯಾರ್ಥಿಗಳೇ ಚರ್ಚಿಸಿ, ಬಿಡಿಸಿ ಕಲಿತ ತರಗತಿಗಳಲ್ಲಿ ಶೇಕಡಾ 21.8 ಮಂದಿ. ಜಾಲಹಳ್ಳಿಯವರಾದ ನಮಗೆ ಇದರಲ್ಲಿ ಅಚ್ಚರಿಯೇನು? 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯಲ್ಲಿ ದುಡಿದ ನಮ್ಮ ಹಿರಿಯರಲ್ಲಿ ಯಾರಾದರೂ ಭಾಷಣ ಕೇಳಿ ಲೇತ್ ಕಲಿತಿದ್ದರೇ?

ಎಮ್ಮಾವು ಊರಿನ ದಾರಿಯನ್ನು ನೆನೆಯಿರಿ. ಎದೆಗುಂದಿ ನಡೆಯುತ್ತಿದ್ದ ಇಬ್ಬರು ಶಿಷ್ಯರ ಜೊತೆ ಯೇಸುಸ್ವಾಮಿ ತಾವೂ ಹೆಜ್ಜೆ ಹಾಕಿದರು. ಮೊದಲು ಬೋಧಿಸಲಿಲ್ಲ, ಏನು ಮಾತನಾಡಿಕೊಳ್ಳುತ್ತಿದ್ದೀರೆಂದು ಕೇಳಿದರು. ಅವರ ದುಃಖವನ್ನೂ ಗೊಂದಲವನ್ನೂ ಪೂರ್ತಿ ಆಲಿಸಿದ ಮೇಲೆಯೇ ಪವಿತ್ರ ಗ್ರಂಥವನ್ನು ವಿವರಿಸಿದರು.

ತಂದೆತಾಯಂದಿರೇ, ನಿಮಗೆ ರಸಾಯನಶಾಸ್ತ್ರ ತಿಳಿದಿರಬೇಕಿಲ್ಲ. ರಾತ್ರಿಯ ಜಪಸರದ ಬಳಿಕ ಮಗುವನ್ನು ಹತ್ತಿರ ಕೂರಿಸಿಕೊಂಡು "ಇಂದು ಕಲಿತದ್ದನ್ನು ನನಗೆ ಹೇಳಿಕೊಡು" ಎನ್ನಿರಿ. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲೇ ಅದಕ್ಕೆ ನೆರವು ಬೇಕಾಗಿದೆ. ನಾಳೆಯೇ ಅದನ್ನು ಅಧ್ಯಾಪಕರಲ್ಲಿ ಕೇಳುವ ಧೈರ್ಯ ತುಂಬಿರಿ. ನಾನು ಸಹಿ ಹಾಕಿದ ಆ ಅರ್ಜಿಯನ್ನು ಇನ್ನು ಹಿಂದಕ್ಕೆ ಪಡೆಯಲಾರೆ. ನಿಮ್ಮ ಮಗುವಿಗೆ ಇನ್ನೂ ಸಮಯವಿದೆ.