14 ದಿನದ ಮಾತ್ರೆ

ನಮ್ಮ ಮನೆಗಳಲ್ಲಿ ಯಾರಿಗಾದರೂ ನೆಗಡಿ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಹೆಣ್ಣುಮಕ್ಕಳ ಕಿಬ್ಬೊಟ್ಟೆಯ ನೋವು ಮಾತ್ರ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ನನ್ನ ತಂಗಿಯೂ ಹಾಗೆಯೇ. ಎರಡೂವರೆ ತಿಂಗಳಿಗೆ ಗರ್ಭಪಾತವಾಗಿ ವಾರ ಕಳೆದಿತ್ತು. ಸಣ್ಣಗೆ ಜ್ವರ, ಕಿಬ್ಬೊಟ್ಟೆಯಲ್ಲಿ ನೋವು, ಕೆಟ್ಟ ವಾಸನೆಯ ಸ್ರಾವ. ಯಾರಿಗೂ ಹೇಳಿರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದ್ದರಿಂದ ಗೊತ್ತಾಯಿತು.

ಡಾಕ್ಟರಮ್ಮ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಒಳಗೆ ಏನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡರು. 'ಗರ್ಭಕೋಶದ ಒಳಪದರಕ್ಕೆ ಸೋಂಕಾಗಿದೆ. ಜೋರಾಗಿಲ್ಲ, ಮನೆಯಲ್ಲಿದ್ದುಕೊಂಡೇ ವಾಸಿಮಾಡಬಹುದು' ಎಂದರು. ಒಂದು ಇಂಜೆಕ್ಷನ್ ಕೊಟ್ಟು, ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೋನಿಡಜೋಲ್ ಎಂಬ ಎರಡು ಬಗೆಯ ಆ್ಯಂಟಿಬಯಾಟಿಕ್ ಮಾತ್ರೆ ಬರೆದರು. ದಿನಕ್ಕೆ ಎರಡು ಸಲ, 14 ದಿನ. ಈ ಸೋಂಕಿನಲ್ಲಿ ಹಲವು ಜಾತಿಯ ರೋಗಾಣುಗಳು ಸೇರಿರಬಹುದು. ಅದಕ್ಕೇ ಒಂದೇ ಔಷಧ ಸಾಲದು.

ಮೂರನೇ ದಿನ ಜ್ವರ ಬಿಟ್ಟಿತು. ಆದರೆ ಮಾತ್ರೆಯ ದೆಸೆಯಿಂದ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ, ಜೊತೆಗೆ ವಾಕರಿಕೆ. 'ಹುಷಾರಾದೆನಲ್ಲ ಅಕ್ಕಾ, ಉಳಿದದ್ದು ಇನ್ನೊಂದು ಸಲಕ್ಕಾಗುತ್ತೆ' ಎಂದಳು. ಮಾತ್ರೆಯನ್ನೂ ಉಪ್ಪಿನಕಾಯಿಯಂತೆ ಎತ್ತಿಡುವವರು ನಾವು! ನಾನು ಬಿಡಲಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ, ಊಟದ ನಂತರ ಲೋಟ ತುಂಬ ನೀರು ಕೊಟ್ಟು ನುಂಗಿಸಿದೆ.

ಕಾರಣವಿಷ್ಟೆ. ರೋಗಾಣುಗಳು ಕಡಿಮೆಯಾದಾಗಲೇ ಜ್ವರ ಬಿಡುತ್ತದೆ. ಅವು ಪೂರ್ತಿ ಸತ್ತವೆಂದು ಅರ್ಥವಲ್ಲ. ಉಳಿದವು ಅಂಡನಾಳಕ್ಕೆ ಏರಿದರೆ ಗಾಯ ಕಟ್ಟಿ ದಾರಿ ಮುಚ್ಚಬಹುದು. ಮುಂದೆ ಮಕ್ಕಳಾಗದಿರುವುದಕ್ಕೆ, ಇಲ್ಲವೆ ನಾಳದಲ್ಲೇ ಗರ್ಭ ಬೆಳೆದು ಜೀವಕ್ಕೆ ಸಂಚಕಾರ ಬರುವುದಕ್ಕೆ ಅದು ಕಾರಣವಾದೀತು. ಮಗುವಿಗಾಗಿ ಹಂಬಲಿಸುತ್ತಿದ್ದ ತಂಗಿಗೆ ಇಷ್ಟು ಮಾತು ಸಾಕಾಯಿತು. ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ.

ಹಾಗೆಂದು ಈ ಮಾತ್ರೆಗಳ ಹೆಸರು ಬರೆದುಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ. ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಸಲ್ಲದು. ಸೋಂಕು ಕ್ಷಯದ್ದಾದರೆ ಬೇರೆಯೇ ಔಷಧ, ಅದೂ ತಿಂಗಳುಗಟ್ಟಲೆ. ಸೋಂಕು ದೇಹಸಂಬಂಧದಿಂದ ಬಂದಿದ್ದರೆ ಗಂಡನಿಗೂ ಚಿಕಿತ್ಸೆಯಾಗಬೇಕು. ಮೂರು ದಿನವಾದರೂ ಗುಣ ಕಾಣದಿದ್ದರೆ, ಜ್ವರ ಏರಿದರೆ, ಮಾತ್ರೆ ವಾಂತಿಯಾಗಿ ಹೋಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಾಯಂದಿರೇ, ಮಗಳು ಕಿಬ್ಬೊಟ್ಟೆ ನೋವೆಂದರೆ 'ಮುಟ್ಟಿನದಿರಬೇಕು, ಸುಮ್ಮನಿರು' ಎನ್ನಬೇಡಿ. ಹುಡುಗಿಯರೇ, ಜ್ವರ, ನೋವು, ವಾಸನೆಯ ಸ್ರಾವ ಒಟ್ಟಿಗೆ ಕಂಡರೆ ಅಮ್ಮನಿಗೋ ಅಕ್ಕನಿಗೋ ಅಂದೇ ಹೇಳಿ. ಎರಡು ವಾರದ ಔಷಧದಿಂದ ಹೋಗುವ ಕಾಯಿಲೆಯನ್ನು ನಾಚಿಕೆಯ ಸಲುವಾಗಿ ಬೆಳೆಯಲು ಬಿಡಬಾರದು.