ಸೀತೆಯ ಬಾಯಾರಿಕೆ, ಅಜ್ಜಿಯ ತಕರಾರು

ಆಫೀಸಲ್ಲಿ ಯಾರಾದರೂ ಊರು ಯಾವುದು ಅಂತ ಕೇಳಿದರೆ ತುಮರಿ ಅಂತೀನಿ. ಗೊತ್ತಾಗಲ್ಲ. ಸಾಗರ ತಾಲ್ಲೂಕು ಅಂದರೂ ಗೊತ್ತಾಗಲ್ಲ. ಸಿಗಂದೂರಿನ ಪಕ್ಕ ಅಂದ ಕೂಡಲೇ ಮುಖ ಅರಳುತ್ತೆ. “ಓ, ಲಾಂಚಲ್ಲಿ ಹೋಗ್ತಿದ್ವಲ್ಲ, ಸೂಪರ್ ಜಾಗ ಗುರು!” ಅವರ ಮೊಬೈಲಲ್ಲಿ ಲಾಂಚ್ ಮೇಲಿನ ಒಂದು ಸೆಲ್ಫಿ ಇದ್ದೇ ಇರುತ್ತೆ. ಸಂಜೆಯ ಕೊನೇ ಲಾಂಚ್ ತಪ್ಪಿಸಿಕೊಂಡು ಹೊಳೆಬಾಗಿಲಲ್ಲಿ ನಿಂತವರ ಫೋಟೋ ಮಾತ್ರ ಯಾರ ಹತ್ತಿರವೂ ಇಲ್ಲ.

ಈಗ ಬರೆಯಹೊರಟಿದ್ದು ಸಿಗಂದೂರಿನ ಬಗ್ಗೆ ಅಲ್ಲ. ಅದೇ ನೀರಿನ ಮೇಲ್ತುದಿಯಲ್ಲಿರುವ, ಸೆಲ್ಫಿಗೆ ಅಷ್ಟೇನೂ ಒದಗದ ಒಂದು ಸಣ್ಣ ಗುಡಿಯ ಬಗ್ಗೆ. ತೀರ್ಥಹಳ್ಳಿ ತಾಲ್ಲೂಕಿನ ನೊಣಬೂರಿನ ಹತ್ತಿರ ಅಂಬುತೀರ್ಥ ಅಂತ ಇದೆ. ಶರಾವತಿ ಹುಟ್ಟೋದು ಅಲ್ಲಿ.

ಕತೆ ನಿಮಗೆ ಗೊತ್ತಿರಬಹುದು. ವನವಾಸದಲ್ಲಿ ಈ ಕಾಡು ದಾಟುವಾಗ ಸೀತೆಗೆ ಬಾಯಾರಿಕೆ ಆಯಿತು. ಹತ್ತಿರದಲ್ಲಿ ಎಲ್ಲೂ ನೀರಿಲ್ಲ. ರಾಮ ನೆಲಕ್ಕೆ ಬಾಣ ಬಿಟ್ಟ, ನೀರು ಚಿಮ್ಮಿತು. ಶರದಿಂದ ಹುಟ್ಟಿದವಳು ಶರಾವತಿ. ಕನ್ನಡದಲ್ಲಿ ಅಂಬು ಅಂದರೆ ಬಾಣ, ಸಂಸ್ಕೃತದಲ್ಲಿ ಅಂಬು ಅಂದರೆ ನೀರು. ಹೆಸರಿಟ್ಟ ಪುಣ್ಯಾತ್ಮ ಯಾರೋ, ಒಂದೇ ಪದದಲ್ಲಿ ಎರಡೂ ಕೆಲಸ ಮುಗಿಸಿದ್ದಾನೆ.

ನಮ್ಮ ಕಡೆ ಇಂಥ ಕತೆಗಳಿಗೆ ಬರವಿಲ್ಲ. ಪರಶುರಾಮ ಕೊಡಲಿ ತೊಳೆದದ್ದು ತೀರ್ಥಹಳ್ಳಿಯ ತುಂಗೆಯಲ್ಲಿ. ಮಾಯಾಜಿಂಕೆ ಸತ್ತದ್ದು ಅದೇ ತಾಲ್ಲೂಕಿನ ಮೃಗವಧೆಯಲ್ಲಿ, ಊರಿನ ಹೆಸರೇ ಅದು. ಅತ್ತ ಮುಂಬೈಯ ಬಾಣಗಂಗಾ ಕೆರೆಗೂ ಹೆಚ್ಚುಕಮ್ಮಿ ಇದೇ ಬಾಣದ ಕತೆ ಹೇಳುತ್ತಾರೆ. ಕಾಪಿ ಪೇಸ್ಟ್ ಅಂತ ನಗುವವರು ನಗಲಿ. ನೀರು ಸಿಕ್ಕ ಕಡೆಯೆಲ್ಲ ಯಾರಿಗೋ ಬಾಯಾರಿಕೆ ಆಗಿತ್ತು ಅಂತ ನೆನಪಿಟ್ಟುಕೊಂಡ ಜನ ದಡ್ಡರು ಅಂತ ನನಗೆ ಅನಿಸಲ್ಲ. ಅಂಬುತೀರ್ಥದ ರಾಮನಲ್ಲಿ ನನಗೆ ಹಿಡಿಸಿದ್ದೂ ಅದೇ. ಅವನಿಗೆ ಇಲ್ಲಿ ಪಟ್ಟಾಭಿಷೇಕ ಇಲ್ಲ, ಯುದ್ಧ ಇಲ್ಲ. ಹೆಂಡತಿಗೆ ಒಂದು ಬೊಗಸೆ ನೀರು ಹುಡುಕುತ್ತಿರುವ ಗಂಡ, ಅಷ್ಟೇ.

ಕಳೆದ ದೀಪಾವಳಿ ರಜೆಯಲ್ಲಿ ಅಜ್ಜಿಯನ್ನ ಕಾರಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ಅಜ್ಜಿಗೆ ಎಂಬತ್ತು ದಾಟಿದೆ. ಶರಾವತಿ ಅನ್ನುವ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಕಮ್ಮಿ. ನಮ್ಮ ಮನೆಯಿಂದ ಕಾಣುವ ಆ ಕಡಲಿನಂಥ ನೀರಿಗೆ ಅವಳು ಮೊದಲಿಂದಲೂ ಹೇಳೋದು ‘ಮುಳುಗಡೆ’ ಅಂತ. “ಹೊಳೆ ಅಂದ್ರೆ ಹರೀಬೇಕು ತಮಾ. ಇದು ನಿಂತ್ ನೀರು.” 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವಳು ಹೊಸದಾಗಿ ಮದುವೆಯಾದವಳು. ಗಂಡನ ಮನೆ ಗುಡ್ಡದ ಮೇಲಿತ್ತು, ಉಳಿಯಿತು. ತವರು ತಗ್ಗಿನಲ್ಲಿತ್ತು, ಗದ್ದೆ ತೋಟದ ಸಮೇತ ಹೋಯಿತು. ತವರಿನವರು ಲಾರಿ ಹತ್ತಿ ಶಿವಮೊಗ್ಗದ ಕಡೆಯ ಕಾಡಿಗೆ ಹೋದರು. ಆ ಕಾಡಿನ ಹಕ್ಕುಪತ್ರದ ಗೋಳು ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಆ ನೀರಿನಿಂದ ಮಾಡಿದ ಕರೆಂಟು ಬೆಂಗಳೂರಿಗೆ ಮೊದಲು ಹೋಯಿತು. ನೀರಿನ ದಡದಲ್ಲೇ ಇದ್ದ ನಮಗೆ ಬಹಳ ವರ್ಷ ಚಿಮಣಿ ಬುಡ್ಡಿಯೇ ಗತಿ. ಡ್ಯಾಮು 1,819 ಅಡಿ ತುಂಬಿದ ವರ್ಷ ದೊಡ್ಡವರು ಬಂದು ಬಾಗಿನ ಬಿಡುತ್ತಾರಲ್ಲ, ಅದನ್ನ ಟಿವಿಯಲ್ಲಿ ನೋಡಿದಾಗೆಲ್ಲ ಅಜ್ಜಿ, “ನಮ್ ಗದ್ದೆಗೆ ಬಾಗಿನ ಬಿಡ್ತಿದಾರೆ, ನೋಡು” ಅನ್ನುತ್ತಾಳೆ.

ನಿಟ್ಟೂರು, ನಗರದ ದಾರಿ ಹಿಡಿದು ಅಂಬುತೀರ್ಥ ಮುಟ್ಟುವಾಗ ಬಿಸಿಲೇರಿತ್ತು. ಸುತ್ತ ಕಾಡು, ನಡುವೆ ಗುಡಿ. ಶಿವಲಿಂಗದ ಬುಡದಿಂದ ನೀರು ಬರುತ್ತದೆ ಅಂತ ಅಲ್ಲಿಯವರು ಹೇಳುತ್ತಾರೆ. ನೀರು ಹೊರಗೆ ಬಂದು ಸದ್ದಿಲ್ಲದೆ ಮುಂದೆ ಹೋಗುತ್ತೆ. ನಮ್ಮ ತೋಟದ ಕಾದಿಗೆಯಲ್ಲಿ ಇದಕ್ಕಿಂತ ಜಾಸ್ತಿ ಹರಿಯುತ್ತೆ ಅಂದರೆ ಸುಳ್ಳಲ್ಲ. ಇದೇ ನೀರು ಹೊಸನಗರ ತಾಲ್ಲೂಕು ದಾಟುವಷ್ಟರಲ್ಲಿ ಹಳ್ಳಕೊಳ್ಳಗಳನ್ನೆಲ್ಲ ಕೂಡಿಸಿಕೊಂಡು ದೊಡ್ಡದಾಗಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತೆ. ಒಟ್ಟು ಸುಮಾರು 128 ಕಿಲೋಮೀಟರ್. ನಮ್ಮೂರು ಮುಳುಗಿಸೋಕೆ ಅಷ್ಟು ದೂರವೂ ಬೇಕಾಗಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಬಗ್ಗಿ ನೋಡಿದಳು. “ಇಷ್ಟೇನಾ?”

“ಇಷ್ಟೇ.”

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಬೊಗಸೆಯಲ್ಲಿ ಹಿಡಿದು ಕುಡಿದಳು. ಎರಡನೇ ಬೊಗಸೆಯನ್ನ ಮುಖಕ್ಕೆ ಹಾಕಿಕೊಂಡಳು. ಅಲ್ಲಿದ್ದ ಭಟ್ಟರು ಹೊರಗಿನಿಂದ ಬಂದವರು ಅಂದುಕೊಂಡು ಸೀತೆಯ ಕತೆಯನ್ನ ಮೊದಲಿಂದ ಹೇಳಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅಲ್ಲ ಭಟ್ರೇ, ಸೀತಮ್ಮ ಕುಡಿದಾದ್ ಮೇಲೆ ರಾಮದೇವ್ರು ಒಂದ್ ಕಲ್ಲು ಮುಚ್ಚಿ ಹೋಗ್ಬಾರ್ದಾಗಿತ್ತಾ?”

ಭಟ್ಟರು ನಕ್ಕರು. ಯಾವ ಊರಮ್ಮ ಅಂತ ಕೇಳಿದರು. ತುಮರಿ ಅಂದ ಕೂಡಲೇ ನಗು ನಿಂತಿತು. ಪ್ರಸಾದದ ಜೊತೆ ಒಂದು ತೆಂಗಿನಕಾಯಿ ಹೆಚ್ಚಿಗೆ ಕೊಟ್ಟರು.

ಅಜ್ಜಿ ಕೇಳಿದ್ದು ತಮಾಷೆಯ ಪ್ರಶ್ನೆ ಅಂತ ನನಗೆ ಅನಿಸಿಲ್ಲ. ಒಬ್ಬಳ ಬಾಯಾರಿಕೆಗೆ ಬಂದ ನೀರಿಗೆ ಆಮೇಲೆ ಎಷ್ಟು ಜನ ಬಾಯಾರಿದರು ನೋಡಿ. ಮೊದಲು ಹಿರೇಭಾಸ್ಕರ ಅಂತ ಒಂದು ಡ್ಯಾಮು ಕಟ್ಟಿದರು. ಅದು ಸಾಲದೆ ಲಿಂಗನಮಕ್ಕಿ ಕಟ್ಟಿದಾಗ ಹಳೇ ಡ್ಯಾಮೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಅದು ತಲೆ ಎತ್ತುತ್ತೆ. 2019ರಲ್ಲಿ ಇದೇ ನೀರನ್ನ ಬೆಂಗಳೂರಿಗೆ ಕುಡಿಯೋಕೆ ಒಯ್ಯುವ ಮಾತು ಬಂತು. ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, “ಅಷ್ಟು ನೀರಿದೆ, ಕೊಡೋಕೇನು ಕಷ್ಟ?” ಅಂತ ಹಾಕಿದ್ದರು. ಟ್ಯಾಂಕರ್‌ಗೆ ದುಡ್ಡು ಕೊಡುವವನು ನಾನೂ ಹೌದು, ಅವರ ಮಾತು ಅರ್ಥವಾಗುತ್ತೆ. ಆದರೆ ಅಷ್ಟು ನೀರು ಅಲ್ಲಿ ಹೇಗೆ ಬಂತು, ಅದರ ಕೆಳಗೆ ಏನಿದೆ ಅಂತ ಆ ಗ್ರೂಪಿನಲ್ಲಿ ಟೈಪ್ ಮಾಡೋಕೆ ಕೂತರೆ ಮುಗಿಯೋ ಮಾತಾ?

ವಾಪಸ್ ಬರುವಾಗ ಹೊಸನಗರದ ಮೇಲೆ ಸಾಗರಕ್ಕೆ ಬಂದೆವು, ಅಜ್ಜಿಯ ಬಿಪಿ ಮಾತ್ರೆ ತಗೋಬೇಕಿತ್ತು. ಅಲ್ಲಿಂದ ಅಂಬಾರಗೋಡ್ಲು. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಗಿದೆ, ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಒಂದು ಸೇತುವೆ ಅಂತ ನಮ್ಮವರು ಎಷ್ಟೋ ದಶಕ ಅರ್ಜಿ ಹಿಡಿದು ಓಡಾಡಿದ್ದಾರೆ. ಈಗ ಹಾಡು ಮುಗಿಯುವುದರೊಳಗೆ ದಾಟಬಹುದು.

ನಡು ಸೇತುವೆಯಲ್ಲಿ ಅಜ್ಜಿ, “ನಿಧಾನ ಹೊಡಿ” ಅಂದಳು. ಕಿಟಕಿಗೆ ಮುಖ ಇಟ್ಟು ಕೆಳಗೆ ನೋಡುತ್ತಿದ್ದಳು.

“ಇಲ್ಲೇ ಎಲ್ಲೋ ಒಂದು ಕಾಲುಸಂಕ ಇತ್ತು ತಮಾ. ಎರಡು ಅಡಿಕೆಮರ ಹಾಕಿದ್ರು. ಮಳೆಗಾಲದಲ್ಲಿ ಅದನ್ನ ದಾಟಕ್ಕೂ ಹಿಂಗೇ ಹೆದ್ರಿಕೆ ಆಗ್ತಿತ್ತು.”